ವರ್ಷ ತುಂಬದ ಕಾರು

ನಮ್ಮ ಕಾರನ್ನು ತಳ್ಳುವುದಕ್ಕೆ ಒಂದು ಕ್ರಮವಿತ್ತು. ಅಪ್ಪ ಚಾಲಕನ ಆಸನದಲ್ಲಿ. ಅಮ್ಮ ಹಿಂದೆ ಎಡಗಡೆಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಬಲಗಡೆಗೆ, ಶಾಲೆಯ ಚೀಲವನ್ನು ಮೊದಲೇ ಕಾರಿನೊಳಗೆ ಹಾಕಿ. ಅಪ್ಪನ ತಾಯಿಯಾದ ನನ್ನ ಅಜ್ಜಿ ಜಗಲಿಯ ಮೇಲೆ, ಎಲೆಯಡಿಕೆ ತಟ್ಟೆಯೊಂದಿಗೆ, ಮೇಲ್ವಿಚಾರಣೆಗೆ. ಚನ್ನಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ಬೀದಿ ಮೂವತ್ತು ಹೆಜ್ಜೆಗಳವರೆಗೆ ಸಮತಟ್ಟಾಗಿತ್ತು. ಅಲ್ಲಿಂದಾಚೆಗೆ ರಾಗಿ ಗಿರಣಿಯ ಅಂಗಳದವರೆಗೆ ಇಳಿಜಾರು. ಮೂವತ್ತು ಹೆಜ್ಜೆ ನಮ್ಮ ಪಾಲಿಗೆ, ಇಳಿಜಾರು ಕಾರಿನ ಪಾಲಿಗೆ. ಇಳಿಜಾರಿನಲ್ಲಿ ವೇಗ ಕೂಡಿಬಂದ ಗಳಿಗೆಯಲ್ಲಿ ಅಪ್ಪ ಕ್ಲಚ್ಚಿನಿಂದ ಕಾಲನ್ನು ತೆಗೆಯಬೇಕು. ಆಗ ಎಂಜಿನ್ನು ಎರಡು ಬಾರಿ ಕೆಮ್ಮಿ ಎಚ್ಚರಗೊಳ್ಳುತ್ತಿತ್ತು. ಅಪ್ಪ ದಿನವೂ ಆ ಗಳಿಗೆಗಿಂತ ಮೊದಲೇ ಕಾಲನ್ನು ತೆಗೆಯುತ್ತಿದ್ದರು. ಕಾರು ಜಗ್ಗಿ ನಿಲ್ಲುತ್ತಿತ್ತು, ನಮ್ಮ ಗಲ್ಲಗಳು ಡಿಕ್ಕಿಯ ಮುಚ್ಚಳಕ್ಕೆ ಬಡಿಯುತ್ತಿದ್ದವು. ಇಳಿಜಾರು ಮುಗಿಯುವುದರೊಳಗೆ ಇನ್ನೊಂದು ಅವಕಾಶವಿರುತ್ತಿತ್ತು. ಅದೂ ತಪ್ಪಿದರೆ ಕಾರನ್ನು ಗಿರಣಿಯ ಅಂಗಳದಿಂದ ಹಿಮ್ಮುಖವಾಗಿ ಮೇಲಕ್ಕೆ ತಳ್ಳಿ, ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು.

"ಇನ್ನೂ ಬುಡಬೇಡಿ ಅಂದೆ ಕಣ್ರೀ! ನಾನು ಹೇಳೋಗಂಟ ಕಾಲು ತೆಗೀಬೇಡಿ!" ಎಂದು ಅಮ್ಮ ಹಿಂದಿನಿಂದ ಕೂಗುವರು.

"ಹಿಂದ್ಗಡೆ ನಿಂತಿರೋಳ್ಗೆ ಏನ್ ಗೊತ್ತಾಯ್ತದಮ್ಮಿ? ಮಿಷಿನ್ನು ಕೂತೋನ್ ಕಾಲಡಿ ಐತೆ."

"ಮಿಷಿನ್ನು ನಿಮ್ ಕಾಲಡಿ ಐತೆ, ಭಾರ ನನ್ ಕೈಯಾಗೈತೆ."

ಅಜ್ಜಿ ಜಗಲಿಯಿಂದಲೇ ತೀರ್ಪು ಕೊಡುವರು: "ಇನ್ನೊಂದ್ ಕಿತ ತಳ್ರೀ ಅತ್ಲಾಗೆ. ಹೊಟ್ಟೇಲಿ ಮುದ್ದೆ ಐತೆ ತಾನೆ?"

ಈಗ ನಾನು ರಾಮನಗರದಲ್ಲಿದ್ದೇನೆ. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು, ಕೆಂಪು ಶಾಯಿಯ ಪೆನ್ನನ್ನು ಮೇಜಿನ ಖಾನೆಯೊಳಗಿಟ್ಟವಳು. ನನ್ನ ಕಾರಿಗೆ ಹದಿನೈದು ತುಂಬಿ ಹದಿನಾರು ನಡೆಯುತ್ತಿದೆ. ಬಡಾವಣೆಯಲ್ಲಿ ಇದು ನನ್ನ ಸ್ವಭಾವದ ಮೇಲಿನ ಒಂದು ಆರೋಪವಾಗಿ ಬೆಳೆದಿದೆ. ಎದುರು ಮನೆಯ ಲೋಕೇಶ್ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಕಾರನ್ನು ಬದಲಾಯಿಸುತ್ತಾರೆ. ಹೊಸದು ಬಂದ ದಿನ ಪೇಡದ ಡಬ್ಬಿಯನ್ನು ಹಿಡಿದು ನಮ್ಮ ಮನೆಗೂ ಬರುತ್ತಾರೆ. ಹೊರಡುವಾಗ ನನ್ನ ಕಾರಿನ ಚಕ್ರವನ್ನು ಚಪ್ಪಲಿಯ ತುದಿಯಿಂದ ಒಮ್ಮೆ ಒತ್ತಿ ನೋಡುತ್ತಾರೆ.

"ಮೇಡಂ, ಐದ್ ವರ್ಸ ಆದ್ಮೇಲೆ ನಾವು ಕಾರು ಇಟ್ಕಳದಲ್ಲ, ಕಾರೇ ನಮ್ಮನ್ನ ಇಟ್ಕತದೆ. ಕೊಟ್ಬುಡಿ."

ನಾಲ್ಕು ವರ್ಷ, ಏಳು ವರ್ಷ, ಒಂದು ಲಕ್ಷ ಕಿಲೋಮೀಟರು ಎಂದು ಒಬ್ಬೊಬ್ಬರು ಒಂದೊಂದು ಅವಧಿಯನ್ನು ಹೇಳುತ್ತಾರೆ. ಹೇಳುವಾಗ ಎಲ್ಲರ ದನಿಯಲ್ಲಿಯೂ ಶಾಸ್ತ್ರವಾಕ್ಯದ ಖಚಿತತೆ ಇರುತ್ತದೆ. ಯಾವ ಶಾಸ್ತ್ರವೆಂದು ಕೇಳಿದರೆ ಉತ್ತರವಿಲ್ಲ. ನಾನು ಬೆಳೆದ ಮನೆಯಲ್ಲಾದರೋ ಶಾಸ್ತ್ರವಿತ್ತು. ಅದನ್ನು ರಚಿಸಿದವರು ನನ್ನ ಅಜ್ಜಿ. ಅಜ್ಜಿಗೆ ಕಾರಿನಲ್ಲಿ ಕುಳಿತರೆ ವಾಂತಿಯಾಗುತ್ತಿತ್ತು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಆ ಮನೆಯ ಕಾರಿನ ಕಂಪನಿ ಯಾವುದೆಂದು ಬರೆಯುವುದಿಲ್ಲ. ತಪ್ಪೆಲ್ಲ ನಮ್ಮದು, ಕಂಪನಿಯದಲ್ಲ. ಅಪ್ಪ ಬೊಂಬೆ ಮಾಡುವವರು. ಮನೆಯ ಹಿಂಭಾಗದ ಉದ್ದನೆಯ ಕೊಠಡಿಯಲ್ಲಿ ನಾಲ್ಕು ಲೇತ್‌ಗಳಿದ್ದವು. ಬೆಳಗಿನಿಂದ ಸಂಜೆಯವರೆಗೂ ಹಾಲೆ ಮರದ ಹೊಟ್ಟು ಅಡುಗೆಮನೆಯವರೆಗೆ ಹಾರಿಬಂದು ಸಾರಿನ ಪಾತ್ರೆಯ ಅಂಚಿನಲ್ಲಿ ಕೂರುತ್ತಿತ್ತು. ಬೊಂಬೆಗಳ ಪೆಟ್ಟಿಗೆಗಳನ್ನು ಬೆಂಗಳೂರು, ಮೈಸೂರುಗಳ ಅಂಗಡಿಗಳಿಗೆ ಮುಟ್ಟಿಸಲೆಂದು ಕನಕಪುರದ ಕಂಟ್ರಾಕ್ಟರರೊಬ್ಬರಿಂದ ಅಪ್ಪ ಈ ಕಾರನ್ನು ಕೊಂಡರು. ನಾವು ಅದರ ಮೂರನೆಯ ಮಾಲೀಕರು. ಬಂದ ವರ್ಷವೇ ಗೇರು ಹಾಕುವ ಕೋಲಿನ ತುದಿಯ ಗುಂಡು ಒಡೆಯಿತು. ಅಪ್ಪ ಹಾಲೆ ಮರದಲ್ಲಿ ಹೊಸ ಗುಂಡನ್ನು ಕಡೆದು, ಕೆಂಪು ಹಳದಿ ಅರಗನ್ನು ಪಟ್ಟೆಪಟ್ಟೆಯಾಗಿ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳೆಯಿಸಿ ಕೂರಿಸಿದರು. ಅಲ್ಲಿಂದ ಅವರನ್ನು ತಡೆಯುವವರೇ ಇಲ್ಲವಾದರು. ಕಿಟಕಿಯ ಗಾಜನ್ನು ಇಳಿಸುವ ಹಿಡಿಗಳು ಮರದವಾದವು. ದೀಪದ ಗುಂಡಿಗಳು ಮರದವಾದವು. ಹಿಂದಿನದನ್ನು ತೋರಿಸುವ ಕನ್ನಡಿ ಒಡೆದಾಗ ಅದಕ್ಕೊಂದು ಅಂದವಾದ ಮರದ ಚೌಕಟ್ಟು ಬಂದಿತು, ಗಾಜು ಮಾತ್ರ ಎಂದೂ ಬರಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳೆದುಹೋದಾಗ ಅದನ್ನೂ ಕಡೆದರು. ಮಳೆಗಾಲದಲ್ಲಿ ಆ ಮುಚ್ಚಳ ಉಬ್ಬಿ, ಪೆಟ್ರೋಲ್ ಬಂಕಿನಲ್ಲಿ ಮೂವರು ಸೇರಿ ಎಳೆದರೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಗೇರಿನ ಗುಂಡಿನ ಅರಗು ಬಿಸಿಲಿಗೆ ಮೆತ್ತಗಾಗಿ ಅಪ್ಪನ ಅಂಗೈಯನ್ನು ಕೆಂಪು ಮಾಡುತ್ತಿತ್ತು. ಊರಿನವರು ಅದನ್ನು ಬೊಂಬೆ ಕಾರು ಎಂದು ಕರೆದರು. ಅಪ್ಪ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದರು.

"ಕೈಯಲ್ಲಿ ಮಾಡಕ್ಕೆ ಬರೋ ಸಾಮಾನು ಹಳೇದಾಗಕಿಲ್ಲ ಕಣಮ್ಮಿ," ಎನ್ನುತ್ತಿದ್ದರು.

ಕಾರನ್ನು ಗುಂಡಿಯೊತ್ತಿ ಚಾಲೂ ಮಾಡುವ ಸ್ಟಾರ್ಟರ್ ಕೆಟ್ಟು ಎಂಟು ವರ್ಷವಾಗಿತ್ತು. ಅದನ್ನು ಮರದಲ್ಲಿ ಮಾಡಲು ಬರುತ್ತಿರಲಿಲ್ಲ. ಆದ್ದರಿಂದ ಅದು ದುರಸ್ತಿಯಾಗಲೇ ಇಲ್ಲ. ಅದರ ಕೆಲಸವನ್ನು ಅಮ್ಮ ಮಾಡುತ್ತಿದ್ದರು.

ಇನ್ನು ಅಜ್ಜಿಯ ಶಾಸ್ತ್ರ. ಆಯುಧಪೂಜೆಯ ದಿನ ನಮ್ಮಲ್ಲಿ ಮೊದಲು ಲೇತ್‌ಗಳಿಗೆ, ಆಮೇಲೆ ಉಳಿ ಬಾಚಿಗಳಿಗೆ, ಕೊನೆಗೆ ಕಾರಿಗೆ ಪೂಜೆ. ಕಾರಿಗೆ ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ, ಬಾಳೆಕಂದು. ಚಕ್ರದ ಕೆಳಗೆ ನಿಂಬೆಹಣ್ಣು. ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆದರೆ ಮುಗಿಯಿತು. ಮುಗಿದ ಮೇಲೆ ಅಜ್ಜಿ ಪ್ರತಿವರ್ಷವೂ ಅದೇ ವಾಕ್ಯವನ್ನು ಹೇಳುತ್ತಿದ್ದರು: "ಪೂಜೆ ಮಾಡ್ದ ಆಯುಧನ ವರ್ಸ ತುಂಬೋಗಂಟ ಹೊಸಿಲು ದಾಟಿಸ್ಬಾರ್ದು." ಆದ್ದರಿಂದ ಕಾರನ್ನು ಮಾರುವ ಮಾತು ಯುಗಾದಿಯಲ್ಲಿ ಬಂದರೆ, ವರ್ಷ ತುಂಬಿಲ್ಲ. ಗೌರಿಹಬ್ಬದಲ್ಲಿ ಬಂದರೆ, ಇನ್ನೇನು ತುಂಬುತ್ತದೆ, ತಡೆಯಿರಿ. ತುಂಬಿದ ದಿನವೇ ಮತ್ತೆ ಪೂಜೆ. ಮತ್ತೆ ಒಂದು ವರ್ಷ. ಅಪ್ಪನಿಗೆ ಇದರಷ್ಟು ಅನುಕೂಲವಾದ ಧರ್ಮ ಇನ್ನೊಂದಿರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಗೌರಿಹಬ್ಬವಾದ ಮಾರನೆಯ ವಾರ ಆ ಘಟನೆ ನಡೆಯಿತು. ನಮಗೆ ಕನ್ನಡ ಕಲಿಸುತ್ತಿದ್ದ ಸರೋಜಮ್ಮ ಟೀಚರ್ ನನ್ನ ಪಾಲಿಗೆ ಭೂಮಿಯ ಮೇಲಿನ ಅತ್ಯಂತ ಅಚ್ಚುಕಟ್ಟಾದ ವ್ಯಕ್ತಿ. ಇಸ್ತ್ರಿಯ ಮಡಿಕೆ ಕೆಡದ ಸೀರೆ, ಸಾಲು ತಪ್ಪದ ಅಕ್ಷರ. ಅಂದು ಬೆಳಿಗ್ಗೆ ನಾವು ಕಾರನ್ನು ತಳ್ಳುತ್ತಿದ್ದಾಗ ಅವರು ಬೀದಿಯ ಮೇಲ್ಗಡೆಯ ತಿರುವಿನಿಂದ ನಡೆದು ಬರುತ್ತಿದ್ದುದು ಕಂಡಿತು. ಅಮ್ಮ ಸೀರೆಯನ್ನು ಮೀನಖಂಡದವರೆಗೆ ಎತ್ತಿಕಟ್ಟಿದ್ದರು, ತಲೆಯ ತುಂಬ ಹಾಲೆ ಮರದ ಹೊಟ್ಟು. ನಾನು ಯೋಚಿಸಲಿಲ್ಲ. ನಿಧಾನವಾಗಿ ಉರುಳುತ್ತಿದ್ದ ಕಾರಿನ ಬಲಬದಿಯ ಹಿಂಬಾಗಿಲನ್ನು ತೆರೆದು ಒಳಗೆ ನುಗ್ಗಿ, ಬೊಂಬೆ ಪೆಟ್ಟಿಗೆಗಳ ನಡುವೆ ತಲೆ ತಗ್ಗಿಸಿ ಕುಳಿತೆ. ನನ್ನ ತೂಕವನ್ನೂ ಸೇರಿಸಿ ಉಳಿದ ಹೆಜ್ಜೆಗಳನ್ನು ಅಮ್ಮ ಒಬ್ಬರೇ ತಳ್ಳಿದರು. ಇಳಿಜಾರಿನ ಅಂಚಿನಲ್ಲಿ ಕಾಲು ಜಾರಿ ಜಲ್ಲಿಯ ಮೇಲೆ ಮಂಡಿಯೂರಿ ಬಿದ್ದರು. ಎಂದೂ ಇಲ್ಲದೆ ಅಂದು ಕಾರು ಒಂದೇ ಯತ್ನಕ್ಕೆ ಚಾಲೂ ಆಯಿತು; ಚಾಲೂ ಆದ ಕಾರನ್ನು ಅಪ್ಪ ಯಾವ ಕಾರಣಕ್ಕೂ ನಿಲ್ಲಿಸುತ್ತಿರಲಿಲ್ಲ. ಕನ್ನಡಿಯ ಚೌಕಟ್ಟಿನಲ್ಲಿ ಗಾಜಿಲ್ಲದ್ದರಿಂದ ಅವರಿಗೆ ಏನೂ ಕಾಣಲಿಲ್ಲ. ಹಿಂದಿನ ಗಾಜಿನೊಳಗಿಂದ ನನಗೆ ಕಂಡಿತು: ಸರೋಜಮ್ಮ ಟೀಚರ್ ಓಡಿಬಂದು, ಚೀಲವನ್ನು ನೆಲಕ್ಕೆ ಹಾಕಿ, ಎರಡೂ ಕೈಗಳಿಂದ ಅಮ್ಮನನ್ನು ಎತ್ತುತ್ತಿದ್ದರು.

ಸಂಜೆ ಅಮ್ಮ ಜಗಲಿಯ ಕಂಬಕ್ಕೆ ಒರಗಿ ಮಂಡಿಗೆ ಅರಿಶಿನ ಹಚ್ಚಿಕೊಂಡರು. ನನ್ನ ಕಡೆಗೆ ನೋಡಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ನಾನು ಬಾಗಿಲ ಬಳಿಯಲ್ಲಿಯೇ ನಿಂತಿದ್ದೆ. ಮಾತೆಲ್ಲ ಅಪ್ಪನಿಗಾಗಿತ್ತು.

"ಇನ್ ನಾನು ಆ ಕಾರು ಮುಟ್ಟಕಿಲ್ಲ. ಮಾರಿ, ಇಲ್ಲ ನಿಮ್ ಮಿಷಿನ್ನ ನೀವೇ ತಳ್ಕಳಿ."

"ವರ್ಸ ತುಂಬ್ಲಿ ತಡಿ," ಎಂದರು ಅಪ್ಪ.

"ಎಂಟ್ ವರ್ಸದಿಂದ ಒಂದ್ ವರ್ಸ ತುಂಬಿಲ್ವಲ್ರೀ ನಿಮ್ಗೆ!"

ಅಂದಿನಿಂದ ಕಾರು ಮನೆಯ ಮುಂದಿನ ಹೊಂಗೆಮರದ ಕೆಳಗೆ ನಿಂತಿತು. ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹೇರಿಸಿ ಅಪ್ಪ ಹೋಗಿಬರತೊಡಗಿದರು. ಬರುವಾಗ ಮುಖ ಗಂಟಾಗಿರುತ್ತಿತ್ತು. ಅಮ್ಮ ಕುಂಟುತ್ತಾ ನೀರು ಸೇದುತ್ತಿದ್ದರು. ನಾನು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಬದಲು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಜ್ಜಿಯ ಶಾಸ್ತ್ರವನ್ನು ಬರೆದು ಅದರಲ್ಲೊಂದು ಸಂದಿಯನ್ನು ಹುಡುಕತೊಡಗಿದೆ. ಕಾರು ಹೋದರೆ ಅಮ್ಮನಿಗೆ ತಳ್ಳುವುದು ತಪ್ಪುತ್ತದೆ, ನನಗೆ ಆ ಹಿಂಬಾಗಿಲನ್ನು ನೋಡುವುದು ತಪ್ಪುತ್ತದೆ. ಮೂರು ದಿನ ಯೋಚಿಸಿದ ಮೇಲೆ ಸಂದಿ ಸಿಕ್ಕಿತು. ವರ್ಷ ತುಂಬುವುದು ಪೂಜೆಯ ದಿನದ ಸೂರ್ಯೋದಯಕ್ಕೆ. ಹೊಸ ಪೂಜೆ ಮುಗಿಯುವುದು ಕುಂಬಳಕಾಯಿ ಒಡೆದಾಗ. ನಡುವೆ ನಾಲ್ಕು ಗಂಟೆಗಳಷ್ಟು ಕಾಲ ಕಾರು ಯಾವ ಕಟ್ಟಿಗೂ ಒಳಪಟ್ಟಿರುವುದಿಲ್ಲ. ಹಾಳೆಯನ್ನು ಹಿಡಿದು ಅಜ್ಜಿಯ ಮುಂದೆ ಓದಿದೆ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಈ ಕೂಸು ಲಾಯ್ರಿ ಆಯ್ತದೆ, ಇಲ್ಲ ಮನೆ ಹಾಳು ಮಾಡ್ತದೆ," ಎಂದರು. ಆದರೆ ಇಲ್ಲವೆನ್ನಲಿಲ್ಲ.

ಗಿರಾಕಿಯನ್ನು ಹುಡುಕಿದವರು ಅಮ್ಮನೇ. ಹಾರೋಹಳ್ಳಿಯಲ್ಲಿ ಮದುವೆಗಳಿಗೆ ಶಾಮಿಯಾನ ಹಾಕಿಸುತ್ತಿದ್ದ ಬೋರಣ್ಣ ಎಂಬವರು ಹಬ್ಬದ ದಿನವೇ ಗಾಡಿ ಮನೆಗೆ ಬಂದರೆ ಶುಭವೆಂದು ಒಪ್ಪಿದರು. ಪೂಜೆಯ ದಿನ ಏಳು ಗಂಟೆಗೆ ಬಿಳಿ ಪಂಚೆಯುಟ್ಟು ಬಂದೇಬಿಟ್ಟರು. ಲೇತ್‌ಗಳ ಪೂಜೆಗೆ ಅಜ್ಜಿ ಹೂ ಕಟ್ಟುತ್ತಿದ್ದರು. ಕುಂಬಳಕಾಯಿ ಜಗಲಿಯ ಮೇಲೆ ಕಾಯುತ್ತಿತ್ತು. ಬೋರಣ್ಣ ಮರದ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಇದೇನ್ ಗೌಡ್ರೇ, ಕಾರಾ, ತೊಟ್ಲಾ?"

"ಓಡಿಸ್ ನೋಡಿ, ಆಮೇಲ್ ಹೇಳಿ," ಎಂದರು ಅಪ್ಪ, ಬಿಗುಮಾನದಿಂದ.

ಒಪ್ಪಂದವೂ ಅದೇ: ಕಾರು ಚಾಲೂ ಆಗುವುದನ್ನು ಕಣ್ಣಾರೆ ಕಂಡರೆ ವೀಳ್ಯ ಕೊಟ್ಟು ವ್ಯಾಪಾರ ಮುಗಿಸುವುದು. ಅಪ್ಪ ಕುಳಿತರು. ಅಮ್ಮ ತಮ್ಮ ಶಪಥದಂತೆ ಜಗಲಿಯಿಂದ ಇಳಿಯಲಿಲ್ಲ. ಬೋರಣ್ಣನೂ ನಾನೂ ತಳ್ಳಿದೆವು. ಅಪ್ಪ ಬೇಗ ಕಾಲನ್ನು ತೆಗೆದರು. ಕಾರು ಜಗ್ಗಿ ನಿಂತಿತು. ಎರಡನೆಯ ಸಲವೂ ತೆಗೆದರು, ಮತ್ತೆ ನಿಂತಿತು. ಗಿರಣಿಯ ಅಂಗಳದಿಂದ ಮೇಲಕ್ಕೆ ತಳ್ಳಿ ತಂದು ಮೂರನೆಯ ಸಲ ಆರಂಭಿಸಿದರೆ ಇಳಿಜಾರಿನ ತುದಿಗೆ ಬರುವ ಮೊದಲೇ ತೆಗೆದರು. ಬೇಕೆಂದೇ ಹಾಗೆ ಮಾಡಿದರೋ, ಅಭ್ಯಾಸಬಲದಿಂದಲೋ ಎಂಬುದನ್ನು ನಾನು ಇಂದಿಗೂ ನಿರ್ಣಯಿಸಲಾರೆ. ಬೋರಣ್ಣನ ಪಂಚೆಯ ಅಂಚಿನಲ್ಲಿ ಗ್ರೀಸು ಮೆತ್ತಿಕೊಂಡಿತು. ಅವರು ಬೆವರನ್ನು ಒರೆಸಿಕೊಂಡು ಹಾರೋಹಳ್ಳಿಯ ಬಸ್ಸಿನ ಹೊತ್ತನ್ನು ವಿಚಾರಿಸಿದರು. ನನ್ನ ಲೆಕ್ಕ, ನನ್ನ ಹಾಳೆ, ನನ್ನ ನಾಲ್ಕು ಗಂಟೆಗಳು ಕಣ್ಣ ಮುಂದೆಯೇ ಕರಗುತ್ತಿದ್ದವು. ಆಗ ಅಮ್ಮ ಜಗಲಿಯಿಂದ ಇಳಿದು, ಕುಂಟುತ್ತಾ ಬಂದು ಕಾರಿನ ಬಾಗಿಲನ್ನು ತೆರೆದರು.

"ಒಸಿ ಇಳೀರಿ."

"ಯಾಕಮ್ಮಿ?"

"ಇಳೀರಿ ಅಂದೆ. ಯಾವ್ದು ಕ್ಲಚ್ಚು, ಯಾವ್ದು ಬ್ರೇಕು? ಅಷ್ಟ್ ಹೇಳ್ಕೊಟ್ಟು ಹಿಂದಕ್ ಹೋಗಿ."

ಅಪ್ಪ ನಗಲೋ ಬಯ್ಯಲೋ ತಿಳಿಯದೆ ಇಳಿದರು. ಗೇರನ್ನು ಎರಡಕ್ಕೆ ಹಾಕಿ, ಕಾಲುಗಳನ್ನು ಎಲ್ಲಿಡಬೇಕೆಂದು ತೋರಿಸಿ, ಹಿಂದೆ ಎಡಗಡೆಗೆ, ಎಂಟು ವರ್ಷ ಅಮ್ಮ ನಿಂತಿದ್ದ ಜಾಗದಲ್ಲಿ ಬಂದು ನಿಂತರು. ಬೋರಣ್ಣ ನಡುವೆ, ನಾನು ಬಲಕ್ಕೆ. ಅರ್ಧ ದಾರಿಗೆ ಬಂದಾಗ ತಿರುವಿನಲ್ಲಿ ಸರೋಜಮ್ಮ ಟೀಚರ್ ಹೂವಿನ ಬುಟ್ಟಿಯನ್ನು ಹಿಡಿದು ಕಾಣಿಸಿಕೊಂಡರು. ಹಿಂಬಾಗಿಲು ನನ್ನ ಕೈಗೆಟಕುವಷ್ಟು ದೂರದಲ್ಲಿತ್ತು. ನಾನು ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲೆ ಅಂಟಿಸಿದವಳಂತೆ ಒತ್ತಿ, ಮುಂದಕ್ಕೇ ನೋಡುತ್ತಾ ತಳ್ಳಿದೆ. ಇಳಿಜಾರು ಬಂದಿತು. ಅಪ್ಪ ಕಾಲು ತೆಗೆಯುತ್ತಿದ್ದ ಜಾಗ ಬಂದಿತು, ಹೋಯಿತು. "ಬುಡು! ಬುಡು!" ಎಂದು ಅಪ್ಪ ಕೂಗಿದರು. ಅಮ್ಮ ಬಿಡಲಿಲ್ಲ. ಕಾರು ನಮ್ಮ ಕೈಗಳನ್ನು ಬಿಟ್ಟು ಮುಂದೆ ಸಾಗಿತು. ಇನ್ನೇನು ಗಿರಣಿಯ ಗೋಡೆಗೆ ಗುದ್ದುತ್ತದೆ ಎನ್ನುವಾಗ ಎಂಜಿನ್ನು ಒಂದು ಬಾರಿಯೂ ಕೆಮ್ಮದೆ ಗುರುಗುಟ್ಟಿತು. ಅಂಗಳದ ನಡುವೆ ಕಾರು ನಿಂತಿತು. ಹೇಗೆ ನಿಲ್ಲಿಸಿದರೋ ತಿಳಿಯದು, ಎಂಜಿನ್ನು ಮಾತ್ರ ಆರಲಿಲ್ಲ.

ನಾವು ಏದುಸಿರು ಬಿಡುತ್ತಾ ಓಡಿ ಹೋದೆವು. ಅಮ್ಮ ಸ್ಟೇರಿಂಗನ್ನು ಎರಡೂ ಕೈಗಳಿಂದ ಹಿಡಿದು ಕುಳಿತಿದ್ದರು. ಮುಖದಲ್ಲಿ ನಗುವಿರಲಿಲ್ಲ, ಅದಕ್ಕಿಂತ ದೊಡ್ಡದೊಂದು ನೆಮ್ಮದಿ ಇತ್ತು. ಬೋರಣ್ಣ ಸಂತೋಷದಿಂದ ಜೇಬಿಗೆ ಕೈ ಹಾಕಿದರು.

"ಆಯ್ತು ಕಣವ್ವ, ಇಳಿ. ಎಲೆ ಅಡಿಕೆ ಕೊಡು. ಗಾಡಿ ನಂದು."

"ಇಲ್ಲ ಕಣಣ್ಣ. ಕೊಡಕಿಲ್ಲ."

"ಏನಂದೆ?"

"ಕಾರ್ ಸರಿಯಾಗೇ ಐತೆ. ಕೂರ್ತಿದ್ದೋರು ಸರಿ ಇರ್ಲಿಲ್ಲ."

ಬೋರಣ್ಣ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡಿದರು. ನಾನು ಯಾರನ್ನು ನೋಡಲಿ? ಅಮ್ಮನಿಗಾಗಿ ಶಾಸ್ತ್ರದಲ್ಲಿ ಸಂದಿಯನ್ನು ತೆಗೆದವಳು ನಾನು; ಆ ಸಂದಿಯನ್ನು ಮುಚ್ಚಿದವರು ಅಮ್ಮ. ಅಷ್ಟರಲ್ಲಿ ಬೀದಿಯ ಮೇಲಿನಿಂದ ಅಜ್ಜಿಯ ಕೂಗು ಕೇಳಿಸಿತು, ಹೊತ್ತಾಯಿತು, ಕುಂಬಳಕಾಯಿ ಒಡೆಯಬೇಕೆಂದು. ಬೋರಣ್ಣ ಬೈದುಕೊಳ್ಳುತ್ತಲೇ ನಮ್ಮ ಮನೆಯಲ್ಲಿ ಒಬ್ಬಟ್ಟು ಉಂಡು ಹೋದರು. ಅದೊಂದೇ ವಿಷಯದಲ್ಲಿ ಅವರಿಗೆ ಅನ್ಯಾಯವಾಗಲಿಲ್ಲ.

ಮಾರನೆಯ ದಿನದಿಂದ ಕ್ರಮ ಬದಲಾಯಿತು. ಅಮ್ಮ ಒಳಗೆ, ಅಪ್ಪ ಹೊರಗೆ. ಕಾರು ಚಾಲೂ ಆದ ಮೇಲೆ ಅಮ್ಮ ಅಂಗಳದಲ್ಲಿ ಇಳಿದು, ಆಸನವನ್ನು ಅಪ್ಪನಿಗೆ ಒಪ್ಪಿಸಿ, ಸೆರಗನ್ನು ಕೊಡವಿಕೊಂಡು ಮನೆಗೆ ನಡೆದುಬರುತ್ತಿದ್ದರು. ಪ್ರತಿದಿನವೂ ಮೊದಲನೆಯ ಯತ್ನಕ್ಕೇ. ಅಪ್ಪ ಹೀಗೆ ಮೂರು ವಾರ ತಳ್ಳಿದರು. ನಾಲ್ಕನೆಯ ವಾರದ ಸೋಮವಾರ ರಾಮನಗರದಿಂದ ಮೆಕ್ಯಾನಿಕ್ ಒಬ್ಬರು ಬಂದು ಹೊಸ ಸ್ಟಾರ್ಟರನ್ನು ಕೂರಿಸಿ, ಚಹಾ ಕುಡಿದು, ಹೊರಟುಹೋದರು. ಇಡೀ ಕೆಲಸ ಒಂದು ಬೆಳಗಿನದು. ಎಂಟು ವರ್ಷ ಅಮ್ಮ ತಳ್ಳಿದಾಗ ಕಾಣದ ಮೆಕ್ಯಾನಿಕ್ಕು ಮೂರು ವಾರ ಅಪ್ಪ ತಳ್ಳಿದಾಗ ಹೇಗೆ ಕಂಡರು ಎಂದು ನಾನು ಊಟದ ಹೊತ್ತಿನಲ್ಲಿ ಕೇಳಿದೆ. ಅಪ್ಪ ಮುದ್ದೆಯನ್ನು ನುಂಗುವುದರಲ್ಲಿ ವಿಶೇಷ ಶ್ರದ್ಧೆಯನ್ನು ತೋರಿದರು. ಆ ಕಾರು ಮತ್ತೆ ಹನ್ನೊಂದು ವರ್ಷ ನಮ್ಮ ಮನೆಯಲ್ಲಿತ್ತು. ನಿಯಮವನ್ನು ಕಂಡರೆ ಅದರೊಳಗಿನ ಸಂದಿಯನ್ನು ಹುಡುಕುವ, ಸಂದಿ ಸಿಕ್ಕರೆ ಜನ ಅದನ್ನು ಹೇಗೆ ಹಾಳು ಮಾಡುತ್ತಾರೋ ಎಂದು ಮೊದಲೇ ರೇಗುವ ನನ್ನ ಸ್ವಭಾವ ಆ ಹೊಂಗೆಮರದ ಕೆಳಗೆ ಮೊಳೆಯಿತು. ಇಪ್ಪತ್ತೆಂಟು ವರ್ಷ ನನ್ನ ವಿದ್ಯಾರ್ಥಿಗಳು ಅದರ ಫಲವನ್ನುಂಡರು.

ಕಳೆದ ತಿಂಗಳು ನನ್ನ ಕಾರಿನ ನೋಂದಣಿಯ ನವೀಕರಣಕ್ಕೆ ತಪಾಸಣೆ ಇತ್ತು. ಅಮ್ಮ ಈಗ ನನ್ನೊಂದಿಗೆ ಇದ್ದಾರೆ. ಕಾರು ಹೊರಡುವ ಸದ್ದು ಕೇಳಿದರೆ ಎಲ್ಲಿಗೆಂದು ಕೇಳದೆ ಬಂದು ಮುಂದಿನ ಆಸನದಲ್ಲಿ ಕೂರುತ್ತಾರೆ. ತಪಾಸಣೆಯ ಸಾಲು ಉದ್ದವಿತ್ತು. ಬಿಸಿಲಿನಲ್ಲಿ ಎಂಜಿನ್ನನ್ನು ಆರಿಸಿ ಕಾದು, ಸಾಲು ಚಲಿಸಿದಾಗ ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಹಿಂದಿನವರು ಹಾರ್ನ್ ಮಾಡಿದರು. ನಾನು ಇಳಿದು, ಬಾಗಿಲನ್ನು ತೆರೆದಿಟ್ಟು, ಒಂದು ಕೈಯನ್ನು ಸ್ಟೇರಿಂಗಿನ ಮೇಲೂ ಇನ್ನೊಂದನ್ನು ಬಾಗಿಲ ಚೌಕಟ್ಟಿನ ಮೇಲೂ ಇಟ್ಟು, ಐವತ್ತೈದರ ಮೈಯನ್ನು ಬಗ್ಗಿಸಿ ತಳ್ಳತೊಡಗಿದೆ. ಸೆರಗು ಸೊಂಟದಲ್ಲಿತ್ತು. ಪಕ್ಕದ ಹೊಸ ನೋಂದಣಿಯ ಸಾಲಿನಲ್ಲಿದ್ದ ಕಾರಿನಿಂದ ಇಳಿದ ಯುವಕ ನನ್ನನ್ನು ಕಂಡು ಬೆರಗಾದ. ಹತ್ತನೆಯ ತರಗತಿಯಲ್ಲಿ ನಾನು ಒಂದೇ ಪ್ರಬಂಧವನ್ನು ಮೂರು ಬಾರಿ ಬರೆಯಿಸಿದ್ದ ಹುಡುಗ.

"ಟೀಚರ್, ನೀವಾ? ಬುಡಿ ಬುಡಿ, ನಾನ್ ತಳ್ತೀನಿ. ಇನ್ನೂ ಇದ್ನೇ ಇಟ್ಕೊಂಡಿದ್ದೀರಾ?"

"ಇಟ್ಟುಕೊಂಡಿದ್ದೇನೆ. ನೀನು ಹಿಂದಕ್ಕೆ ಹೋಗಿ ತಳ್ಳು, ನಾನು ಇಲ್ಲಿಯೇ ತಳ್ಳುತ್ತೇನೆ."

ತಪಾಸಣೆ ಮುಗಿಯಿತು, ಬ್ಯಾಟರಿ ಬದಲಾಯಿತು, ಐದು ವರ್ಷದ ಅನುಮತಿಯೂ ದೊರೆಯಿತು. ಮನೆಯ ತಿರುವು ಬಂದಾಗ ಅಮ್ಮ ನನ್ನ ಕಡೆಗೆ ತಿರುಗಿದರು.

"ಇವತ್ತು ಒಳಕ್ ಹತ್ಕಳ್ಲಿಲ್ಲ ನೀನು," ಎಂದರು.

ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ನಲವತ್ತು ವರ್ಷಗಳಿಗೂ ಹಿಂದಿನ ಆ ಬೆಳಗನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ಅವರಿಗೂ ಹೇಳಿರಲಿಲ್ಲ.

"ನಿಮಗೆ ಗೊತ್ತಿತ್ತೇ? ನೀವು ತಲೆ ಬಗ್ಗಿಸಿ ತಳ್ಳುತ್ತಿದ್ದಿರಿ. ನೋಡಲೇ ಇಲ್ಲ."

"ನೋಡೋದ್ಯಾಕೆ? ತಳ್ಳೋರ್ಗೆ ಕೈಯಲ್ಲೇ ಗೊತ್ತಾಯ್ತದೆ. ಅವತ್ತು ಕಾರು ಒಂದ್ ಕೂಸಿನಷ್ಟು ಭಾರ ಆಯ್ತು." ಅಮ್ಮ ಮಡಿಲಲ್ಲಿದ್ದ ಅಂಗೈಗಳನ್ನು ಒಮ್ಮೆ ತಿರುವಿ ನೋಡಿಕೊಂಡರು. "ನಡಿ ಮತ್ತೆ, ಮಿಷಿನ್ನು ಆರಿಸ್ಬೇಡ."